ಬೆನ್ನು ತೋರಿಸುವ ಡ್ಯಾನ್ಸ್ ಮಾಸ್ಟ್ರು

ಪಲ್ಲವಿ ಮುಗಿಯುವ ಮೊದಲೇ ಆರನೇ ಕ್ಲಾಸಿನ ಹಕ್ಕಿಗಳು ಎಡಕ್ಕೆ ಹಾರಿದವು, ಐದನೇ ಕ್ಲಾಸಿನವು ಬಲಕ್ಕೆ. ನಡುವೆ ಸಿಕ್ಕಿದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಕಾಗದದ ರೆಕ್ಕೆಯೊಂದು ಹರಿದು ಬಂದು ಚಿತ್ರಾಳ ಕಾಲ ಬಳಿ ಬಿತ್ತು.

“ಇದೆಂತ ಮಾರಾಯ್ರೆ, ಡ್ಯಾನ್ಸಾ ಕಬಡ್ಡಿಯಾ?” ಮುಖ್ಯೋಪಾಧ್ಯಾಯಿನಿ ಶಹನಾಝ್ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು.

“ನಾನು ಎಡಕ್ಕೆ ಅಂತಲೇ ಕಲಿಸಿದ್ದು!” ಚಿತ್ರಾ ಹೇಳಿದಳು.

“ನಾನೂ ಎಡಕ್ಕೆ ಅಂತಲೇ,” ಎಂದ ಜಿತೇಶ್.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ತೋಡಾರಿನ ಆ ಶಾಲೆಯ ವಾರ್ಷಿಕೋತ್ಸವಕ್ಕೆ ಹಕ್ಕಿ ಹಿಂಡಿನ ನೃತ್ಯವೊಂದನ್ನು ಇಬ್ಬರೂ ಸೇರಿ ಮಾಡಿಸಬೇಕಿತ್ತು. ಐದನೇ ಕ್ಲಾಸು ಸಿದ್ಧಕಟ್ಟೆಯ ಭರತನಾಟ್ಯ ಟೀಚರ್ ಚಿತ್ರಾಳಿಗೆ, ಆರನೇ ಕ್ಲಾಸು ವಾಮದಪದವಿನ ಫಿಲ್ಮ್ ಡ್ಯಾನ್ಸ್ ಮಾಸ್ಟ್ರು ಜಿತೇಶನಿಗೆ. ಮೊದಲ ಹೆಜ್ಜೆ ಎಡಕ್ಕೆ ಎಂದು ಫೋನಿನಲ್ಲಿ ಮಾತಾಗಿತ್ತು. ಯಾರ ಎಡ ಎಂದು ಇಬ್ಬರೂ ಕೇಳಿರಲಿಲ್ಲ.

ಚಿತ್ರಾ ಮಕ್ಕಳಿಗೆ ಎದುರಾಗಿ ನಿಂತು ಕಲಿಸುವವಳು. ಅವಳು ತನ್ನ ಎಡಕ್ಕೆ ಸರಿದರೆ ಕನ್ನಡಿಯಂತೆ ಎದುರಿರುವ ಮಕ್ಕಳು ತಮ್ಮ ಬಲಕ್ಕೆ ಸರಿಯುತ್ತಾರೆ. ಜಿತೇಶ್ ಮಕ್ಕಳಿಗೆ ಬೆನ್ನು ಹಾಕಿ ಮುಂದೆ ನಿಲ್ಲುವವನು. ಅವನ ಎಡವೇ ಮಕ್ಕಳ ಎಡ.

“ಬೆನ್ನು ಹಾಕಿ ಕಲಿಸ್ತೀರಾ? ಮಕ್ಕಳ ಮುಖ ನೋಡದೆ?” ಚಿತ್ರಾಳಿಗೆ ನಂಬಲಾಗಲಿಲ್ಲ.

“ಬೆನ್ನಿಗೆಂತ ಆಗಿದೆ ಮೇಡಂ? ಬಸ್ ಡ್ರೈವರ್ ಕೂಡ ಬೆನ್ನು ಹಾಕಿಯೇ ಅಲ್ವಾ ನಮ್ಮನ್ನು ಮೂಡುಬಿದಿರೆಗೆ ಮುಟ್ಟಿಸುವುದು?”

ಮಕ್ಕಳು ಕಿಸಕ್ಕನೆ ನಕ್ಕರು. ಚಿತ್ರಾ ನಗಲಿಲ್ಲ.

ಶಹನಾಝ್ ಮೇಡಂ ಇಬ್ಬರನ್ನೂ ಆಫೀಸಿಗೆ ಕರೆದರು. “ನೋಡಿ, ನಾನು ಸೀದಾ ಹೇಳ್ತೇನೆ. ಜೂನ್‌ನಿಂದ ಟೈಮ್‌ಟೇಬಲ್‌ನಲ್ಲಿ ಡ್ಯಾನ್ಸ್ ಪಿರಿಯಡ್ ಹಾಕುವ ಅಂತ ನಾನು, ಅಬಾಕಸ್ ಹಾಕುವ ಅಂತ ಕಮಿಟಿ. ಕಮಿಟಿಯವರು ಮುಂದಿನ ಸಾಲಲ್ಲೇ ಕೂತು ನೋಡ್ತಾರೆ. ಇದೇ ಕಬಡ್ಡಿ ಅವರ ಮುಂದೆ ಆದರೆ ನನ್ನ ಹತ್ರ ಬರಬೇಡಿ.”

ಚಿತ್ರಾಳಿಗೆ ತನ್ನ ಮಹಡಿಯ ಕಿಟಕಿ ನೆನಪಾಯಿತು. ಸಿದ್ಧಕಟ್ಟೆಯ ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ಅವಳ ಕ್ಲಾಸು. ಫೀಸು ಕೊಡುವ ಮನೆಯ ಮಕ್ಕಳು ಮಾತ್ರ ಮೆಟ್ಟಿಲು ಹತ್ತುತ್ತಿದ್ದರು. ಮಿಕ್ಕವರು ಕೆಳಗೆ ಬಸ್ಸಿಗೆ ಕಾಯುತ್ತ ತಾಳ ಹಾಕುವ ತಟ್ಟುಮಣೆಯ ಸದ್ದಿಗೆ ಕಾಲು ಕುಟ್ಟುವುದನ್ನು ಅವಳು ಕಿಟಕಿಯಿಂದ ಕಂಡಿದ್ದಳು. ಗಣಿತದ ಹಾಗೆ, ವಿಜ್ಞಾನದ ಹಾಗೆ, ನೃತ್ಯವೂ ಎಲ್ಲ ಮಕ್ಕಳ ಟೈಮ್‌ಟೇಬಲ್‌ನಲ್ಲಿ ಇರಬೇಕು. ಅವಳಿಗೆ ಬೇಕಿದ್ದುದು ಅಷ್ಟೇ. ಈಗ ಅದು ಈ ಬೆನ್ನು ತೋರಿಸುವ ಮನುಷ್ಯನ ಕೈಯಲ್ಲೂ ಇತ್ತು.

ಹೊರಗೆ ಜಗಲಿಯಲ್ಲಿ ಅವಳು ಕೇಳಿಯೇ ಬಿಟ್ಟಳು. “ಸರ್, ನಿಜ ಹೇಳಿ. ಯಾಕೆ ನೀವು ತಿರುಗಿ ನಿಲ್ಲುವುದಿಲ್ಲ?”

ಜಿತೇಶ್ ಹರಿದ ರೆಕ್ಕೆಗೆ ಗಮ್ ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ. “ಸಣ್ಣವನಿದ್ದಾಗ ನನಗೂ ಒಬ್ಬರು ಎದುರು ನಿಂತು ಕಲಿಸಿದ್ದು. ನಾನು ಹೆಜ್ಜೆ ಹಾಕಿದಾಗೆಲ್ಲ ಅವರ ಮುಖ ಹುಳಿ ಮಾವಿನಕಾಯಿ ತಿಂದ ಹಾಗೆ ಆಗ್ತಿತ್ತು. ಆಮೇಲೆ ನಾನು ಕಾಲು ನೋಡ್ಲೇ ಇಲ್ಲ, ಅವರ ಮುಖವೇ ನೋಡಿದ್ದು. ಒಂದು ದಿನ ಬಿಟ್ಟೇಬಿಟ್ಟೆ.” ರೆಕ್ಕೆಯನ್ನು ಊದಿ ಒಣಗಿಸಿದ. “ನನ್ನ ಮಕ್ಕಳು ನನ್ನ ಮುಖ ನೋಡಿ ಹೆದರುವುದು ಬೇಡ. ಮೊದಲು ಕುಣಿಯಲಿ. ತಪ್ಪಿದರೂ ಒಟ್ಟಿಗೆ ತಪ್ಪಲಿ.”

ಚಿತ್ರಾ ಅವನ ಪಕ್ಕ ಜಗಲಿಯಲ್ಲಿ ಕೂತಳು. ಅವಳದ್ದು ಬೇರೆಯೇ ಕಥೆ. ಮೂಡುಬಿದಿರೆಯಲ್ಲಿ ಅವಳಿಗೆ ಕಲಿಸಿದ ಟೀಚರ್ ಪ್ರತಿ ಮಗುವಿನ ಕಣ್ಣು ನೋಡಿಯೇ ಪಾಠ ಶುರು ಮಾಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಅಡಗುತ್ತಿದ್ದ ಹುಡುಗಿಯನ್ನು ಲೋಕದಲ್ಲಿ ಮೊದಲು ಗಮನಿಸಿದ್ದು ಆ ಕಣ್ಣುಗಳು. ಅದನ್ನು ಹೇಳಿದಳು.

“ಹಾಗಾದರೆ ಇಬ್ಬರೂ ಸರಿ,” ಎಂದ ಜಿತೇಶ್. “ಕಷ್ಟ ಉಂಟು.”

ಈ ಸಲ ಚಿತ್ರಾ ನಕ್ಕಳು.

ದಾರಿ ಅವಳೇ ಹುಡುಕಿದಳು. ಮಕ್ಕಳ ಮುಂದೆ ಬೆನ್ನು ಹಾಕಿ ಜಿತೇಶ್ ನಿಲ್ಲುವುದು. ಅವನಿಗೂ ಆಚೆ, ಮಕ್ಕಳಿಗೆ ಎದುರಾಗಿ ಅವಳು. ಅವನು ಎಡಕ್ಕೆ ಸರಿದಾಗ ಅವಳು ಬಲಕ್ಕೆ. ಆರನೆಯವರು ಅವನ ಬೆನ್ನು ನೋಡಲಿ, ಐದನೆಯವರು ಅವಳ ಮುಖ ನೋಡಲಿ, ಹಿಂಡು ಒಂದೇ ಕಡೆ ಹಾರುತ್ತದೆ.

ಈ ಲೆಕ್ಕದಲ್ಲಿ ಅವಳು ಮರೆತದ್ದು ಒಂದೇ. ಹಾಗೆ ನಿಂತರೆ ಅವರಿಬ್ಬರೂ ಹಾಡು ಮುಗಿಯುವವರೆಗೆ ಒಬ್ಬರನ್ನೊಬ್ಬರು ನೋಡುತ್ತಿರಬೇಕು.

ಅವನು ಆರನೆಯವರಿಗೆ ಹೆಜ್ಜೆ ತೋರಿಸುವಾಗ ಅವಳು ಹಿಂದೆ ನಿಂತು ಅವನ ಬೆನ್ನನ್ನಷ್ಟೇ ಕಂಡಿದ್ದಳು. ಬೆನ್ನಿಗೂ ಭಾವವಿರುತ್ತದೆ ಎಂದು ಅವಳಿಗೆ ಗೊತ್ತಾದದ್ದೇ ಅದರಿಂದ: ಮಗುವೊಂದು ಸರಿಯಾಗಿ ಹೆಜ್ಜೆ ಹಾಕಿದ ಸದ್ದು ಕೇಳಿದರೆ ಭುಜಗಳು ಹಗುರಾಗಿ ಮೇಲೇಳುತ್ತಿದ್ದವು. ಈಗ ಎದುರಿನಿಂದ ನೋಡಿದರೆ, ಅದೇ ಹೊತ್ತಿಗೆ ಅವನ ಎಡಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತಿತ್ತು. ಅವಳು ನೋಡಿದ್ದು ತಿಳಿದ ಕೂಡಲೇ ಅವನ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಗುತ್ತಿತ್ತು.

“ಸರ್, ಗಡಿಯಾರಕ್ಕೆ ಡ್ಯಾನ್ಸ್ ಬರುವುದಿಲ್ಲ. ನನ್ನನ್ನು ನೋಡಿ.”

“ನೋಡಿದರೆ ತಾಳ ತಪ್ತದೆ ಮೇಡಂ.”

“ಯಾಕೆ? ನನ್ನ ಮುಖವೂ ಹುಳಿ ಮಾವಿನಕಾಯಿ ತಿಂದ ಹಾಗೆ ಉಂಟಾ?”

“ಅದಾದರೆ ಅಭ್ಯಾಸ ಉಂಟಲ್ಲ,” ಎಂದು ಅವನು ಥಟ್ಟನೆ ತಿರುಗಿ ಮಕ್ಕಳ ಸಾಲು ಸರಿಪಡಿಸತೊಡಗಿದ. ಕಿವಿಯ ತುದಿ ಕೆಂಪಾಗಿತ್ತು. ಚಿತ್ರಾ ಆ ಉತ್ತರವನ್ನು ಬಸ್ಸಿನಲ್ಲಿ ಸಿದ್ಧಕಟ್ಟೆಯವರೆಗೂ ಬಿಡಿಸಿ ನೋಡುತ್ತ ಹೋದಳು. ಒಂದು ಸ್ಟಾಪ್ ಮುಂದೆ ಹೋಗಿ ಇಳಿದಳು.

ವಾರ್ಷಿಕೋತ್ಸವದ ದಿನ ಮಧ್ಯಾಹ್ನವೇ ಶಾಮಿಯಾನ ತುಂಬಿತು. ಮುಂದಿನ ಸಾಲಿನಲ್ಲಿ ಕಮಿಟಿಯವರು. ಅವರಿಗೂ ವೇದಿಕೆಗೂ ನಡುವೆ, ಮಕ್ಕಳಿಗೆ ಬೆನ್ನು ಹಾಕಿ ಜಿತೇಶ್. ಕುರ್ಚಿಗಳ ನಡುವಿನ ದಾರಿಯಲ್ಲಿ, ಅವನಿಗೆ ಎದುರಾಗಿ ಚಿತ್ರಾ.

ಪಲ್ಲವಿ ಚಂದ ದಾಟಿತು. ಮೊದಲ ಚರಣದಲ್ಲಿ ಹಿಂಡು ಒಂದೇ ಕಡೆ ವಾಲಿತು, ಅಮ್ಮಂದಿರ ಮೊಬೈಲುಗಳೂ ಜೊತೆಗೇ ವಾಲಿದವು. ಎರಡನೇ ಚರಣಕ್ಕೆ ಮುಂಚೆ ಚಿತ್ರಾ ಸಮಾಧಾನದಿಂದ ಮುಗುಳ್ನಕ್ಕಳು. ಜಿತೇಶ್ ಅವಳನ್ನೇ ನೋಡುತ್ತಿದ್ದ. ಅಲ್ಲಿ ಗಡಿಯಾರವಿರಲಿಲ್ಲ.

ಎಡಕ್ಕೆ ಸರಿಯಬೇಕಾದವನು ಬಲಕ್ಕೆ ಕಾಲಿಟ್ಟ.

ತಪ್ಪು ಚಿತ್ರಾಳಿಗೆ ಅದೇ ಕ್ಷಣ ಕಂಡಿತು. ಸರಿಯಾದ ಹೆಜ್ಜೆ ಅವಳ ಕಾಲಿನಲ್ಲಿತ್ತು. ಕಲಿತ ದಿನದಿಂದ ಒಂದು ಅಡವನ್ನೂ ತಿಳಿದು ತಪ್ಪಿದವಳಲ್ಲ. ಆದರೆ ಆರನೇ ಕ್ಲಾಸು ಆಗಲೇ ಅವನ ಬೆನ್ನು ಹಿಡಿದು ಬಲಕ್ಕೆ ಹೊರಟಿತ್ತು. ಅವಳು ಸರಿ ಮಾಡಿದರೆ ಐದನೆಯವರು ಎಡಕ್ಕೆ ಹಾರಿ ನಡುವೆ ಡಿಕ್ಕಿ ಹೊಡೆಯುತ್ತಾರೆ.

ಅವಳು ಅವನೊಂದಿಗೆ ತಪ್ಪಿದಳು.

ಹಿಂಡು ಇಡಿಯಾಗಿ ಬಲಕ್ಕೆ ಹಾರಿತು. ಒಂದು ರೆಕ್ಕೆಯೂ ತಾಗಲಿಲ್ಲ. ಅದು ತಪ್ಪೆಂದು ಆ ಶಾಮಿಯಾನದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಕಮಿಟಿಯವರೊಬ್ಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಎಲ್ಲ ಮುಗಿದ ಮೇಲೆ ಶಹನಾಝ್ ಮೇಡಂ ಬನ್ಸಿನ ತಟ್ಟೆ ಹಿಡಿದುಕೊಂಡೇ ಬಂದರು. “ಅಬಾಕಸ್ ಕ್ಯಾನ್ಸಲ್! ವಾರಕ್ಕೆ ಎರಡು ಪಿರಿಯಡ್ ಉಂಟು. ಒಬ್ಬರೇ ಬಂದರೆ ಅರ್ಧ ಹಕ್ಕಿಗಳಿಗೆ ದಾರಿ ಗೊತ್ತಾಗುವುದಿಲ್ಲ. ಇಬ್ಬರೂ ಬನ್ನಿ.” ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹಾಯಿಸಿ, “ನೀವು ಕುಣಿಯುವಾಗ ನಾವು ವೇದಿಕೆ ನೋಡಬೇಕೋ ನಿಮ್ಮನ್ನು ನೋಡಬೇಕೋ ಅಂತ ಗೊತ್ತಾಗಲಿಲ್ಲ, ಆಯ್ತಾ?” ಎಂದು ಹೊರಟುಹೋದರು.

ಇಬ್ಬರೂ ಗೇಟಿನ ಕಡೆ ನಡೆದರು.

“ನೀವು ಸರಿ ಹೆಜ್ಜೆ ಹಾಕಬಹುದಿತ್ತು,” ಎಂದ ಜಿತೇಶ್.

“ಮಕ್ಕಳು ಬೀಳ್ತಿದ್ದರು.”

“ಅಷ್ಟೆಯಾ?”

ಚಿತ್ರಾ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿದಳು. “ಅಷ್ಟೇ ಅಲ್ಲ. ನೀವು ಒಬ್ಬರೇ ತಪ್ಪುವುದು ನನಗೆ ನೋಡ್ಲಿಕ್ಕೆ ಆಗಲಿಲ್ಲ.” ಆಮೇಲೆ ತಲೆ ಎತ್ತಿದಳು. “ನೀವು ಯಾಕೆ ತಪ್ಪಿದ್ದು?”

“ಹೇಳಿದ್ದೆನಲ್ಲ. ನಿಮ್ಮನ್ನು ನೋಡಿದರೆ ತಾಳ ತಪ್ತದೆ. ಮೊದಲ ದಿನವೇ ತಪ್ಪಿತ್ತು. ಆ ಕಬಡ್ಡಿಯಲ್ಲಿ ನಿಮಗೆ ಗೊತ್ತಾಗಲಿಲ್ಲ.”

ಗೇಟಿನೊಳಗೆ ತುಳು ಮಾತಾಡಬಾರದೆಂಬುದು ಶಾಲೆಯ ನಿಯಮ. ಇಷ್ಟು ದಿನ ಅವರು ಮಾತಾಡಿದ್ದೆಲ್ಲ ಶಾಲೆಯ ಕನ್ನಡದಲ್ಲೇ, ಸರ್, ಮೇಡಂ ಎನ್ನುತ್ತಲೇ. ಜಿತೇಶ್ ಗೇಟು ದಾಟಿ, ಬೈಕ್ ಸ್ಟಾರ್ಟ್ ಮಾಡಿ, ಅವಳ ಕಡೆ ಪೂರ್ತಿ ತಿರುಗಿದ.

“ಚಿತ್ರಾ,” ಎಂದ. “ಬಲ, ಪೋಯಿ.”

ಬಾ, ಹೋಗುವ ಎಂದಷ್ಟೇ ಅದರ ಅರ್ಥ. ಅಮ್ಮ, ಅಕ್ಕ, ಮನೆಯವರು ಮಾತ್ರ ಅವಳನ್ನು ಹಾಗೆ ಕರೆಯುತ್ತಿದ್ದರು.

ಚಿತ್ರಾ ಗೇಟು ದಾಟಿ ಹಿಂದಿನ ಸೀಟಿನಲ್ಲಿ ಕೂತಳು. ಎದುರಿಗೆ ಮತ್ತೆ ಅದೇ ಬೆನ್ನು. ಭುಜಗಳು ಹಗುರಾಗಿ ಮೇಲೆದ್ದವು. ಈಗ ಎಡಗೆನ್ನೆಯಲ್ಲಿ ಗುಳಿ ಬಿದ್ದಿರುತ್ತದೆ ಎಂದು ಅವಳಿಗೆ ನೋಡದೆಯೂ ಗೊತ್ತಿತ್ತು.