ಕಲ್ಲೂರಿನ ತಲೆಯಲ್ಲಿ ಎರಡು ಕಲ್ಲು

"ಅಮ್ಮಣ್ಣೀ, ಈ ಮೀನಿನ ತಲೆಗೆ ಎಂತ ಆಗಿದೆ ಮಾರಾಯ್ತಿ?"

ಪಾತುಮ್ಮ ಕಲ್ಲೂರು ಮೀನನ್ನು ಬಾಲ ಹಿಡಿದು ಎತ್ತಿದರು. ತಲೆ ಒಡೆದಿತ್ತು. ಇನ್ನೊಂದನ್ನು ಎತ್ತಿದರು. ಅದರದ್ದೂ ಅದೇ ಅವಸ್ಥೆ.

ಉರ್ವ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಅಮ್ಮಣ್ಣಿಗೆ ಪಾತುಮ್ಮ ಖಾಯಂ ಗಿರಾಕಿ. ಕಲ್ಲೂರಿನ ತಲೆ ಹಾಕಿದ ಗಟ್ಟಿ ಸಾರು, ಅಂದರೆ ಗಸಿ, ಇಲ್ಲದಿದ್ದರೆ ಶನಿವಾರ ಅವರ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ.

ಅಮ್ಮಣ್ಣಿ ಮೀನನ್ನು ನೋಡಿದರು. ಆಮೇಲೆ ಹಿಂದೆ ತಿರುಗಿ ಮಗಳನ್ನು ನೋಡಿದರು. ಮೋಕ್ಷಾ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಮಾರ್ಕೆಟ್ಟಿನ ಛಾವಣಿಯನ್ನು ಇವತ್ತೇ ಮೊದಲ ಸಲ ಕಂಡವಳಂತೆ ನೋಡುತ್ತಿದ್ದಳು.

"ಕೈ ತೋರಿಸು."

ಅಂಗೈಯಲ್ಲಿ ನಾಲ್ಕು ಬಿಳಿ ಕಲ್ಲುಗಳಿದ್ದವು. ಕಲ್ಲೂರಿನ ತಲೆಯೊಳಗೆ ಅಂಥ ಕಲ್ಲು ಇರುತ್ತದೆ, ಒಂದೊಂದು ತಲೆಗೆ ಎರಡು.

"ತಲೆ ಒಡೆದ ಮೀನು ನನಗೆ ಬೇಡಪ್ಪ," ಎಂದರು ಪಾತುಮ್ಮ. ಮುಖ ಸಣ್ಣದು ಮಾಡಿಕೊಂಡು ಬಂಗುಡೆ ತೆಗೆದುಕೊಂಡು ಹೋದರು.

"ಇನ್ನು ತಲೆ ಮುಟ್ಟಿದ್ರೆ ಜಾಗ್ರತೆ!" ಅಮ್ಮ ಗದರಿದರು. "ಖಾಯಂ ಗಿರಾಕಿ ಬಿಟ್ಟು ಹೋದ್ರೆ ನಾವು ಎಂತ ಮಾಡುವುದು? ಡಾಕ್ಟ್ರು ಆಗುವವಳಿಗೆ ಮೀನಿನ ತಲೆಯಲ್ಲಿ ಎಂತ ಕೆಲಸ?"

ಮೋಕ್ಷಾ ಕಲ್ಲುಗಳನ್ನು ಒರೆಸಿ ಬ್ಯಾಗಿನಲ್ಲಿದ್ದ ಹಳೆಯ ಉಪ್ಪಿನಕಾಯಿ ಬಾಟಲಿಗೆ ಹಾಕಿದಳು. ಬಾಟಲಿ ಮುಕ್ಕಾಲು ತುಂಬಿತ್ತು.

ಈ ಡಾಕ್ಟರ್ ಮಾತು ಶುರುವಾದದ್ದು ಡ್ಯಾಫ್ನಿ ಮಿಸ್ ಅವರ ಕ್ಲಾಸಿನಲ್ಲಿ. ಮಾರ್ಕೆಟ್ಟಿನ ಹಿಂದಿನ ಹಾಲ್‌ನಲ್ಲಿ ಶನಿವಾರ ಮಧ್ಯಾಹ್ನ ಆ ಕ್ಲಾಸು. ಮೀನು ಮಾರುವವರ, ಬೀಡಿ ಕಟ್ಟುವವರ, ಲೋಡಿಂಗ್ ಕೆಲಸದವರ ಮಕ್ಕಳು ಅಲ್ಲಿಗೆ ಬರುತ್ತಾರೆ. "ನಿನಗೆ ಎಂತ ಆಗ್ಬೇಕು?" ಎಂದು ಮಿಸ್ ಒಬ್ಬೊಬ್ಬರನ್ನೇ ಕೇಳುತ್ತಾರೆ. ಆ ಕೆಲಸ ಮಾಡುವವರ ಜೊತೆ ಒಂದು ದಿನ ಇರಲು ಕರೆದುಕೊಂಡೂ ಹೋಗುತ್ತಾರೆ. ಇಜಾಝ್ ಬೇಕರಿಗೆ ಹೋಗಿ ಒಂದು ಕೇಕಿಗೆ ಕ್ರೀಮ್ ಹಚ್ಚಿ ಬಂದಿದ್ದ. ಆಮೇಲೆ ವಾರವಿಡೀ ಅವನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

ಮೋಕ್ಷಾಳ ಸರದಿ ಬಂದಾಗ ಅವಳು "ಡಾಕ್ಟರ್" ಎಂದುಬಿಟ್ಟಿದ್ದಳು. ಅದರ ಹಿಂದಿನ ದಿನವಷ್ಟೇ ಶಾಲೆಯಲ್ಲಿ ಪಕ್ಕದ ಹುಡುಗಿ, "ಛೀ, ಮೀನಿನ ವಾಸನೆ!" ಎಂದು ಬೇರೆ ಬೆಂಚಿಗೆ ಹೋಗಿದ್ದಳು. ಹಾಗಿರುವಾಗ ಮೀನಿನ ಮಾತು ಎತ್ತಲು ಯಾರಿಗೆ ಮನಸ್ಸು ಬರುತ್ತದೆ? ಅಮ್ಮನಿಗಂತೂ ಸಂತೋಷವೋ ಸಂತೋಷ. ಇಡೀ ಮಾರ್ಕೆಟ್ಟಿಗೆ ಸುದ್ದಿ ಹೇಳಿ ಮುಗಿಸಿದ್ದರು.

ಅವತ್ತು ಮಧ್ಯಾಹ್ನ ಡ್ಯಾಫ್ನಿ ಮಿಸ್ ನಗುನಗುತ್ತಾ ಬಂದರು. "ಮೋಕ್ಷಾ, ಬರುವ ಶನಿವಾರ ಆಸ್ಪತ್ರೆಗೆ ಹೋಗುವ. ಒಬ್ಬರು ಡಾಕ್ಟರ್ ಒಪ್ಪಿದ್ದಾರೆ. ಅಮ್ಮನನ್ನೂ ಕರ್ಕೊಂಡು ಬಾ."

ಮೋಕ್ಷಾ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು.

"ಇವಳು ಎಂತ ಡಾಕ್ಟ್ರು ಮಿಸ್?" ಇಜಾಝ್ ಎದ್ದು ನಿಂತ. "ಇವಳ ಬ್ಯಾಗ್‌ನಲ್ಲಿ ಬಾಟ್ಲಿ ತುಂಬಾ ಮೀನಿನ ಕಲ್ಲು ಉಂಟು!"

ಎಲ್ಲರೂ ನಕ್ಕರು. ಮಿಸ್ ಮಾತ್ರ ನಗಲಿಲ್ಲ. ಬಾಟಲಿ ತೆಗೆಸಿ, ಒಂದು ಕಲ್ಲನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. "ಇದು ಮೀನಿನ ತಲೆಯಲ್ಲಿ ಯಾಕೆ ಉಂಟು?"

"ಅದೇ ಗೊತ್ತಿಲ್ಲ ಮಿಸ್!" ಮೋಕ್ಷಾಳ ಬಾಯಿಗೆ ಈಗ ಬೀಗ ಇರಲಿಲ್ಲ. "ದೊಡ್ಡ ಕಲ್ಲೂರಿಗೆ ದೊಡ್ಡ ಕಲ್ಲು, ಮರಿಗೆ ಸಣ್ಣದು. ಎಡದ್ದು ಬಲದ್ದು ಜೋಡಿ, ಚಪ್ಪಲಿಯ ಹಾಗೆ. ಮಾರ್ಕೆಟ್ಟಲ್ಲಿ ಎಲ್ಲರ ಹತ್ರ ಕೇಳಿದೆ. ಯಾರಿಗೂ ಗೊತ್ತಿಲ್ಲ."

"ನಿನಗೆ ನಿಜವಾಗಿ ಡಾಕ್ಟರ್ ಆಗ್ಬೇಕಾ?"

ಮೋಕ್ಷಾ ನೆಲ ನೋಡಿದಳು. "ನಾನು ಆಗ್ಬೇಕು ಅಂತ ಅಮ್ಮನಿಗೆ," ಎಂದಳು.

ಸಂಜೆ ಡ್ಯಾಫ್ನಿ ಮಿಸ್ ಮನೆಗೇ ಬಂದು, ಆಸ್ಪತ್ರೆಯ ಬದಲು ಮೀನಿನ ಬಗ್ಗೆ ಕಲಿಸುವ ಕಾಲೇಜಿಗೆ ಹೋಗೋಣವೇ ಎಂದು ಕೇಳಿದರು. ಅಮ್ಮನಿಗೆ ಸಿಟ್ಟು ಬರಲಿಲ್ಲ. ಬೇಸರ ಬಂತು. ಅದರ ಬದಲು ಸಿಟ್ಟು ಬಂದಿದ್ದರೇ ಒಳ್ಳೆಯದಿತ್ತು ಎಂದು ಮೋಕ್ಷಾಳಿಗೆ ಅನ್ನಿಸಿತು.

"ಅಲ್ಲ ಮಿಸ್, ಇವಳು ಮೀನು ಬಿಟ್ಟು ಹೋಗ್ಲಿ ಅಂತ ನಾನು ಇಷ್ಟು ವರ್ಷ ಮೀನು ಮಾರಿದ್ದು. ಪುನಃ ಮೀನಾ?"

"ಒಂದು ಸಲ ನೋಡಿ ಬರುವ ಅಮ್ಮಣ್ಣಿಯಕ್ಕ. ಮತ್ತೆ ನೀವು ಹೇಳಿದ ಹಾಗೆ."

ಶನಿವಾರ ಅಮ್ಮ ಪಕ್ಕದವರಿಗೆ ಬುಟ್ಟಿ ಒಪ್ಪಿಸಿ, ಮದುವೆಗೆ ಉಡುವ ಸೀರೆ ಉಟ್ಟು ಬಂದರು. ಬಸ್ಸಿನಲ್ಲಿ ಕಿಟಕಿಯ ಹೊರಗೇ ನೋಡುತ್ತಾ ಕುಳಿತರು.

ಕಾಲೇಜಿನ ಲ್ಯಾಬ್ ಬಾಗಿಲಲ್ಲೇ ಅವರು ಮೂಗು ಏರಿಸಿದರು. "ಇಲ್ಲಿಯೂ ಅದೇ ವಾಸನೆ!"

"ಹೌದಕ್ಕ, ಎಷ್ಟು ಸೋಪ್ ಹಾಕಿದ್ರೂ ಹೋಗುವುದಿಲ್ಲ," ಬಿಳಿ ಕೋಟು ಹಾಕಿದ್ದ ಸುಹೈಲಾ ಮೇಡಂ ನಕ್ಕರು. ಅವರು ಅಲ್ಲಿ ಮೀನುಗಳ ಸಂಶೋಧನೆ ಮಾಡುವವರು. ಮೋಕ್ಷಾಳ ಬಾಟಲಿ ನೋಡಿ ಅವರ ಕಣ್ಣು ಅರಳಿತು. "ಇಷ್ಟೆಲ್ಲ ನೀನೇ ತೆಗೆದದ್ದಾ?"

ಮೀನಿಗೆ ಕೇಳಿಸಲು, ನೀರಿನಲ್ಲಿ ಮಗುಚದೆ ಈಜಲು ಈ ಕಲ್ಲು ಬೇಕು ಎಂದು ಮೇಡಂ ವಿವರಿಸಿದರು. ಆಮೇಲೆ ತೆಳ್ಳಗೆ ಉಜ್ಜಿದ ಒಂದು ಕಲ್ಲಿನ ಚೂರನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟರು. ಮೋಕ್ಷಾ ಬಗ್ಗಿದಳು. ಕಲ್ಲಿನೊಳಗೆ ಗೆರೆಗಳಿದ್ದವು, ಒಂದರ ಸುತ್ತ ಒಂದು, ಬಳೆ ಜೋಡಿಸಿಟ್ಟ ಹಾಗೆ.

"ಮೀನು ಬೆಳೆದ ಹಾಗೆ ಗೆರೆ ಬೀಳ್ತದೆ. ಗೆರೆ ಓದ್ಲಿಕ್ಕೆ ಕಲಿತರೆ ಮೀನಿನ ಪ್ರಾಯ ಹೇಳ್ಬಹುದು."

ಇಷ್ಟು ದಿನ ಕಲ್ಲು ಮೋಕ್ಷಾಳ ಬ್ಯಾಗಿನಲ್ಲೇ ಇತ್ತು. ಅದರೊಳಗೆ ಇಷ್ಟೆಲ್ಲ ಇತ್ತೇ!

"ಅಮ್ಮ, ನೀನೂ ನೋಡು!"

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದರು. ಬಹಳ ಹೊತ್ತು ತಲೆ ಎತ್ತಲಿಲ್ಲ.

"ಇದಕ್ಕೆ ಎಷ್ಟು ಓದ್ಬೇಕು ಮೇಡಂ?" ಕೊನೆಗೆ ಕೇಳಿದರು.

"ತುಂಬಾ ಓದ್ಬೇಕು ಅಕ್ಕ. ಸುಲಭ ಇಲ್ಲ."

ಅಮ್ಮ ತಲೆಯಾಡಿಸಿದರು. ಸ್ವಲ್ಪ ಯೋಚಿಸಿ ಇನ್ನೊಂದು ಪ್ರಶ್ನೆ ಕೇಳಿದರು. "ಗಸಿಯಲ್ಲಿ ಬೆಂದ್ರೆ ಈ ಕಲ್ಲು ಕರಗ್ತದಾ?"

"ಇಲ್ಲಪ್ಪ. ಕರಗುವುದಿಲ್ಲ."

ಗಸಿಯ ಮಾತು ಇಲ್ಲಿ ಯಾಕೆ ಬಂತೋ ಮೋಕ್ಷಾಳಿಗೆ ತಿಳಿಯಲಿಲ್ಲ. ವಾಪಸ್ ಬರುವಾಗಲೂ ಅಮ್ಮ ಕಿಟಕಿಯ ಹೊರಗೇ ನೋಡುತ್ತಿದ್ದರು. ಆಗಬಹುದು ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮೋಕ್ಷಾಳಿಗೆ ಕೇಳಲು ಧೈರ್ಯ ಸಾಲಲಿಲ್ಲ. ಬೇಡ ಎಂದುಬಿಟ್ಟರೆ?

ಮುಂದಿನ ಶನಿವಾರ ಅವಳು ಮಾರ್ಕೆಟ್ಟಿಗೆ ಹೋದಾಗ ಅಮ್ಮನ ಬುಟ್ಟಿಯಲ್ಲಿ ಕಲ್ಲೂರು ಇತ್ತು. ಮೋಕ್ಷಾ ಕೈ ಕಟ್ಟಿಕೊಂಡು ದೂರ ಕುಳಿತಳು. ತಲೆಯ ಕಡೆಗೆ ನೋಡಲೂ ಇಲ್ಲ.

ಪಾತುಮ್ಮ ಬಂದರು. ಮೀನು ಕೇಳುವ ಮೊದಲೇ ಚೀಲಕ್ಕೆ ಕೈ ಹಾಕಿ ಒಂದು ಸಣ್ಣ ಪೊಟ್ಟಣ ತೆಗೆದರು.

"ಹಿಡ್ಕೊ ಮಗಾ. ಮೊನ್ನೆಯ ಗಸಿಯದ್ದು. ನಿನ್ನ ಅಮ್ಮ ಹೇಳಿದ್ದಕ್ಕೆ ನಮ್ಮ ಮನೆಯಲ್ಲಿ ಎಲ್ಲರೂ ಬಟ್ಟಲಲ್ಲಿ ಕಲ್ಲು ಹುಡುಕಿದ್ದೇ ಹುಡುಕಿದ್ದು!"

ಪೊಟ್ಟಣದಲ್ಲಿ ತೊಳೆದು ಒಣಗಿಸಿದ ಕಲ್ಲುಗಳಿದ್ದವು. ಅರಸಿನಕ್ಕೆ ತುಸು ಹಳದಿಯಾಗಿದ್ದವು, ಅಷ್ಟೇ.

ಮೋಕ್ಷಾ ಅಮ್ಮನ ಕಡೆ ತಿರುಗಿದಳು. ಅಮ್ಮ ಅಷ್ಟರಲ್ಲಿ ಇನ್ನೊಬ್ಬ ಗಿರಾಕಿಗೆ ಮೀನು ಕಟ್ಟಿ ಕೊಡುತ್ತಿದ್ದರು. "ತಲೆ ತಿಂದ ಮೇಲೆ ಕಲ್ಲು ಬಿಸಾಡ್ಬೇಡಿ ಆಯ್ತಾ? ನನ್ನ ಮಗಳಿಗೆ ಬೇಕು. ಅವಳು ಕಲೀತಾ ಇದ್ದಾಳೆ."

ಇಡೀ ವಾರ ಎದೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಮೋಕ್ಷಾ ಅಮ್ಮನ ಹತ್ತಿರ ಕೇಳಲೇ ಇಲ್ಲ. ಎದ್ದು ಬಂದು ಅಮ್ಮನ ಮೈಗೆ ಅಂಟಿ ಕುಳಿತು, ಬಾಟಲಿಯ ಮುಚ್ಚಳ ತೆಗೆದಳು.