ಮೇಲ್ನೀರು ಎಳೆಯುವ ಕೊಳ

"ಇಲ್ಲಿಗೆ ಕಾಲಿಡಬ್ಯಾಡ! ನಿನ್ನ ವೈರು ನನ್ನ ಗಂಡನ್ನ ಕೊಂದೈತಿ!"

ಶೇಖವ್ವ ಹಾಗೆ ಕಿರುಚಿದಾಗ ಅಯಾಜ್ ಬೈಕ್ ನಿಲ್ಲಿಸಿ ಒಂದು ಹೆಜ್ಜೆ ಇಟ್ಟಿದ್ದನಷ್ಟೆ. ಬ್ಯಾಡಗಿ ಊರಾಚೆಯ ಆ ಹಿತ್ತಲಲ್ಲಿ, ಕೊಳದ ಪಕ್ಕದ ಚಾಪೆಯ ಮೇಲೆ ತಿರಕಪ್ಪ ಮಾಸ್ತರರ ಹೆಣವಿತ್ತು. ನಿನ್ನೆ ಸಂಜೆ ಫೋನಿನಲ್ಲಿ ನಕ್ಕು ಮಾತಾಡಿದ್ದ ಮನುಷ್ಯ!

ನಿವೃತ್ತ ಡ್ರಾಯಿಂಗ್ ಮಾಸ್ತರರು ಆ ಕೊಳವನ್ನು ಮೂರು ತಿಂಗಳು ಕಾಗದದ ಮೇಲೆ ಬರೆದು, ಅಳಿಸಿ, ಕೊನೆಗೆ ತಾವೇ ಗುದ್ದಲಿ ಹಿಡಿದು ತೋಡಿದ್ದರು. ಒಂದು ಅಂಚಿನಲ್ಲಿ ಹಳೆಯ ಪ್ಲಾಸ್ಟಿಕ್ ಡ್ರಮ್ ಹೂತು, ಅದರ ಬಾಯಿಯನ್ನು ನೀರಿನ ಮಟ್ಟಕ್ಕೇ ಕೊಯ್ದಿದ್ದರು. ಮೇಲ್ಮೈಯ ನೀರು ಆ ಬಾಯಿಯಿಂದ ಡ್ರಮ್ಮಿಗೆ ಜಾರುತ್ತಿತ್ತು. ತೇಲಿ ಬಂದ ಎಲೆಗಳನ್ನು ಒಳಗಿನ ಬುಟ್ಟಿ ಹಿಡಿಯುತ್ತಿತ್ತು, ಧೂಳು ಜಿಡ್ಡುಗಳನ್ನು ಅದರ ಕೆಳಗಿನ ಸ್ಪಂಜು. ತಳದ ಪಂಪು ತಿಳಿನೀರನ್ನು ಮರಳಿ ಕೊಳಕ್ಕೆ ಬಿಡುತ್ತಿತ್ತು. ಹಾವೇರಿಯ ಪಂಪ್ ಮೆಕ್ಯಾನಿಕ್ ಅಯಾಜ್ ಕೊಟ್ಟಿದ್ದು ಪಂಪು ಮತ್ತು ವೈರು ಮಾತ್ರ. ಕೊಳದಲ್ಲಿ ಏನೇ ಕೆಟ್ಟರೂ ಮಾಸ್ತರರು ಕರೆಯುತ್ತಿದ್ದುದು ಅವನನ್ನೇ. ಈಗ ಅವನು ಕೊಟ್ಟ ವೈರೇ ಅವನ ಕೊರಳಿಗೆ ಉರುಳಾಗಿತ್ತು.

ಅವನ ಬೈಕಿನ ಹಿಂದಿನ ಸೀಟಿನಿಂದ ಭರಮವ್ವ ನಿಧಾನವಾಗಿ ಇಳಿದರು. ನಿವೃತ್ತ ಹೆಡ್ ಕಾನ್‌ಸ್ಟೆಬಲ್, ಅಯಾಜ್ ಬಾಡಿಗೆಗಿದ್ದ ಮನೆಯ ಒಡತಿ. ಹಾವೇರಿ ಜಿಲ್ಲೆಯಲ್ಲಿ ಯಾವ ಗಂಟು ಬಿಡಿಸಲು ಹೊರಟರೂ ಅವರಿಗೆ ಅವನ ಬೈಕೇ ಬೇಕು. ಇಂದು ಮಾತ್ರ ಪೊಲೀಸರು ಕರೆದಿದ್ದು ಅವನನ್ನು; ಅವರು ತಾವಾಗಿಯೇ ಹತ್ತಿ ಕುಳಿತಿದ್ದರು.

"ವೈರು ಸುಲದೈತಿ ಅವ್ವಾರ, ನೀರಿಗೆ ತಾಗಿ ಕರೆಂಟ್ ಹೊಡದೈತಿ," ಎಂದಳು ಪಿ.ಎಸ್.ಐ. ಕಾವ್ಯಾ. "ಹಣಿಮ್ಯಾಲೆ ಗಾಯ ಐತಿ, ಬೀಳೂಮುಂದ ಕಲ್ಲಿಗೆ ಬಡದಿರಬೇಕು. ಅಯಾಜನ್ನ ಠಾಣೆಗೆ ಕರಕೊಂಡು ಹೋಗಬೇಕಾಗತೈತಿ."

"ಹೆಣ ಮೊದಲ ಕಂಡವರು ಯಾರು?" ಎಂದರು ಭರಮವ್ವ.

"ನಾನ್ರೀ," ಎಂದ ಕಲ್ಲೇಶ. ಪಕ್ಕದ ಮೆಣಸಿನಕಾಯಿ ಗೋದಾಮು ಅವನದು; ಅಯಾಜನ ಶಾಲೆಯ ದಿನಗಳ ಗೆಳೆಯ. "ಬೆಳಿಗ್ಗೆ ಆರಕ್ಕ ಬಂದೆ. ಪಂಪ್ ಓಡಾಕತ್ತಿತ್ತು. ಮಾಸ್ತರ್ರು ನೀರಾಗ ಬೋರಲ ಬಿದ್ದಿದ್ರು. ಸ್ವಿಚ್ ಆರಿಸಿ, ನೀರಿಗಿಳಿದು ಎಳದೆ." ಅವನು ಅಯಾಜನನ್ನು ಅಪ್ಪಿಕೊಂಡ. "ಬಿಡೋ ದೋಸ್ತ, ನೀ ಬೇಕಂತ ಮಾಡಿಲ್ಲಲ್ಲ." ಅಯಾಜನಿಗೆ ಅಳು ಒತ್ತರಿಸಿ ಬಂತು. ಇಡೀ ಹಿತ್ತಲಲ್ಲಿ ತನ್ನ ಪರವಾಗಿ ಆಡಿದ್ದು ಅವನೊಬ್ಬನೇ.

ಭರಮವ್ವ ಕೊಳದ ಸುತ್ತ ಒಂದು ಸುತ್ತು ಬಂದರು. ಬೇವು ಎಲೆ ಉದುರಿಸುವ ಕಾಲ. ನೀರಿನ ತುಂಬ ಹಳದಿ ಎಲೆಗಳು ತೇಲುತ್ತಿದ್ದವು. ಡ್ರಮ್ಮಿನ ಬುಟ್ಟಿ ಎತ್ತಿದರೆ ಒಂದು ಹಿಡಿಯಷ್ಟೇ ಎಲೆ. ಕೆಳಗಿನ ಸ್ಪಂಜನ್ನು ಹಿಂಡಿದರು. ಕೆಂಪು ಜಿಡ್ಡು ಇಳಿಯಿತು.

"ಅಯಾಜ್, ಮಾಸ್ತರ್ರು ಈ ಬುಟ್ಟಿ ಯಾವಾಗ ತೊಳೀತಿದ್ರು?"

"ದಿನಾ ಸಂಜಿಗೆ. ನಿನ್ನೆ ಐದೂವರಿಗೆ ಫೋನ್ ಮಾಡಿದಾಗ ‘ಬುಟ್ಟಿ, ಸ್ಪಂಜು ಎರಡೂ ತೊಳದು ಇಟ್ಟೆ’ ಅಂದ್ರು. ‘ಪಕ್ಕದ ಗೋದಾಮಿನ ಕಾಯಿ ಯಾಕೋ ಅತೀ ಕೆಂಪು ಕಾಣತಾವ’ ಅಂತನೂ ಅಂದ್ರು."

"ನೀವು ಎಲ್ಲಿದ್ರಿ ಶೇಖವ್ವಾ?"

"ರಾಣೆಬೆನ್ನೂರಾಗ, ಮಗಳ ಮನ್ಯಾಗ. ಮುಂಜಾನಿ ಮೊದಲ ಬಸ್ಸಿಗೆ ಬಂದೆ."

ಭರಮವ್ವ ಎಲ್ಲರನ್ನೂ ಕೊಳದ ಕಟ್ಟೆಗೆ ಕರೆದು ಕೂರಿಸಿದರು.

"ಈ ಪಂಪು ಓಡಿದ್ರ ನೀರ ಮ್ಯಾಲಿನ ಎಲಿ ಎಲ್ಲಾ ಬುಟ್ಟಿಗೆ ಬರಬೇಕು. ಬೆಳತನಕ ಓಡಿದ್ರ ಬುಟ್ಟಿ ತುಂಬಿರತಿತ್ತು, ಕೊಳ ಸ್ವಚ್ಛ ಇರತಿತ್ತು. ಇಲ್ಲಿ ಉಲ್ಟಾ ಐತಿ. ಅಂದ್ರ ನಿನ್ನೆ ಬುಟ್ಟಿ ತೊಳದ ಮ್ಯಾಲ ಸ್ವಲ್ಪ ಹೊತ್ತಿಗೇ ಪಂಪು ನಿಂತೈತಿ. ಆಮ್ಯಾಲ ಬಿದ್ದ ಎಲಿ ತೇಲಾಕತ್ತಾವ. ಕಲ್ಲೇಶಾ, ನಿಂತ ಪಂಪು ಬೆಳಿಗ್ಗೆ ಆರಕ್ಕ ಹೆಂಗ ಓಡತಿತ್ತು?"

"ನನಗ... ಗಾಬರಿಯೊಳಗ ಹಂಗ ಅನಿಸಿರಬೇಕ್ರೀ."

"ಇರಲಿ. ಈ ಕೆಂಪು ನೋಡು. ಒಣಕಾಯಿ ಮುಟ್ಟಿದ ಕೈ ಇಷ್ಟು ಜಿಡ್ಡು ಬಿಡೂದಿಲ್ಲ. ಇದು ಎಣ್ಣಿಯೊಳಗ ಕಲಸಿದ ಬಣ್ಣ. ನಿನ್ನ ಉಗುರಾಗೂ ಐತಿ. ಇವತ್ತು ನೀರಿಗಿಳಿದಾಗ ಬಿಟ್ಟಿದ್ರ ಅದು ಮ್ಯಾಲ ತೇಲತಿತ್ತು, ಪಂಪು ನಿಂತಿತ್ತಲ್ಲ. ಸ್ಪಂಜಿನೊಳಗ ಹೋಗೇತಿ ಅಂದ್ರ ಪಂಪು ಓಡೂಮುಂದ, ನಿನ್ನೆ ಸಂಜಿಗೆ, ನಿನ್ನ ಕೈ ಈ ನೀರಾಗಿತ್ತು."

ಕಾವ್ಯಾ ಎದ್ದು ಕಲ್ಲೇಶನ ಬೆನ್ನ ಹಿಂದೆ ನಿಂತಳು. ಅಯಾಜ್ ಗೆಳೆಯನ ಉಗುರುಗಳನ್ನೇ ನೋಡಿದ.

"ನೀ ಕಾಯಿಗೆ ಬಣ್ಣ ಹಾಕೂದು ಮಾಸ್ತರ್ರಿಗೆ ಗೊತ್ತಾತು. ನಿನ್ನ ಕರದು ಕೇಳಿದ್ರು. ನೀ ನೂಕಿದಿ, ಕೈ ತೊಳಕೊಂಡಿ, ಸ್ವಿಚ್ ಆರಿಸಿ ವೈರು ಸುಲದಿ. ಸುಲದ ವೈರು ನೀರಾಗ ಬಿಟ್ಟ ಮ್ಯಾಲ ತಿರುಗಿ ಸ್ವಿಚ್ ಹಾಕಾಕ ಅಂಜಿದಿ. ಬಾವಿ ಪಂಪಿನಂಗ ಇದೂ ತಳದ ನೀರು ಎಳಿತೈತಿ ಅಂತ ತಿಳದಿದ್ದಿ. ಅದಕ್ಕ ಎಲಿ ತೇಲೂದು ನೋಡಿದ್ರೂ ನಿನಗ ಏನೂ ಅನಸಲಿಲ್ಲ."

ಕಲ್ಲೇಶ ತಲೆ ತಗ್ಗಿಸಿದ. "ಮಾರ್ಕೆಟಿಗೆ ಹೋಗಿ ಹೇಳತೇನಿ ಅಂದ್ರು. ಸಿಟ್ಟಿನಾಗ ನೂಕಿದೆ, ಕಲ್ಲಿಗೆ ಬಡದು ನೀರಿಗೆ ಬಿದ್ರು."

ಶೇಖವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಯಾಜ್ ಕಲ್ಲೇಶನತ್ತ ತಿರುಗಿದ.

"ಬಿದ್ದ ಮ್ಯಾಲ ಜೀವ ಇತ್ತೇನೋ? ನಿನ್ನ ಕರದ್ರೇನು?"

ಕಲ್ಲೇಶ ಕೊಳದತ್ತ ನೋಡಿದ.

"ಕರದ್ರು. ನನ್ನ ಅಲ್ಲ. ‘ಅಯಾಜಾ, ಬಾರೋ’ ಅಂದ್ರು. ಎರಡು ಸಲ."

ಅಯಾಜ್ ಚಾಪೆಯ ಬಳಿ ಕುಸಿದು ಮಾಸ್ತರರ ತಣ್ಣನೆಯ ಪಾದ ಹಿಡಿದುಕೊಂಡ. ಶೇಖವ್ವ ಅವನನ್ನು ತಡೆಯಲಿಲ್ಲ.