ಕಲ್ಲಿನ ಹಿಂಬದಿ

1987ರ ಅಕ್ಟೋಬರ್ 12, ಸೋಮವಾರ. ಬೆಳಗ್ಗೆ 9.20ಕ್ಕೆ ಸ್ಕಾರ್‌ಬೆಕ್ ಊರಿನ ಪೊಲೀಸ್ ಠಾಣೆಗೆ ಬಂದ ಜೂಲಿಯನ್ ಪೆಂಬರ್ಟನ್ ಕೂರುವ ಮೊದಲೇ ದೂರು ಶುರು ಮಾಡಿದ. ವಸಂತದಲ್ಲಿ ಕೊಂಡ ಹಳೇ ಕಲ್ಲುಮನೆಯ ಬಾಗಿಲ ಮೇಲಿದ್ದ, ಮನೆ ಕಟ್ಟಿದ ವರ್ಷ 1684 ಎಂದು ಕೆತ್ತಿದ್ದ ಇಸವಿಕಲ್ಲು ಕಳವಾಗಿತ್ತು. ಮನೆ ದುರಸ್ತಿಯಲ್ಲಿದ್ದುದರಿಂದ ಅಲ್ಲಿ ಯಾರೂ ವಾಸವಿರಲಿಲ್ಲ. ಸಾರ್ಜೆಂಟ್ ಹಿಲ್ಡಾ ಥ್ವೇಟ್ ದೂರು ಬರೆದುಕೊಂಡು ಸಹಿ ಹಾಕಿಸಿದಳು.

10.05ಕ್ಕೆ ಸ್ಥಳ ಪರಿಶೀಲನೆ. ಕಾನ್‌ಸ್ಟೇಬಲ್ ಡಿನ್ಸ್‌ಡೇಲ್ ಏಣಿ ಹತ್ತಿ, ಬಾಗಿಲ ಮೇಲೆ ಇಳಿಬಿಟ್ಟಿದ್ದ ಗೋಣಿತಾಟು ಸರಿಸಿದ.

"ಕಳ್ಳ ಭಾರೀ ಒಳ್ಳೆಯವನು ಮೇಡಂ. ತೂತು ಮುಚ್ಚಿ, ಕಂಬಳಿ ಬೇರೆ ಹೊದಿಸಿ ಹೋಗಿದ್ದಾನೆ."

ಹಿಲ್ಡಾಳೂ ಹತ್ತಿ ನೋಡಿದಳು. ಖಾಲಿ ಜಾಗಕ್ಕೆ ಅಳತೆ ಹಿಡಿದು ಬೇರೊಂದು ಕಲ್ಲು ಕೂರಿಸಲಾಗಿತ್ತು. ಸಂದಿಗೆ ಮೆತ್ತಿದ್ದು ಸುಣ್ಣದ ಗಾರೆ. ಉಳಿದ ಗೋಡೆಗೆಲ್ಲ ಪೆಂಬರ್ಟನ್ನನ ಜನ ಸಿಮೆಂಟು ಬಳಿದಿದ್ದರು. ಸಿಮೆಂಟು ಒಳಗಿನ ತೇವ ಹೊರಬಿಡುವುದಿಲ್ಲ; ಒಂದೆರಡು ಚಳಿಗಾಲ ಕಳೆದರೆ ಕಲ್ಲು ಹಪ್ಪಳದಂತೆ ಪದರು ಏಳುವುದು ಖಂಡಿತ. ಮಳೆ ಬಂದು ನಾಲ್ಕು ದಿನವಾಗಿತ್ತು. ಗೋಣಿತಾಟಿನಿಂದ ಮಾತ್ರ ನೀರು ತೊಟ್ಟಿಕ್ಕುತ್ತಿತ್ತು. ಸುಣ್ಣ ಬೇಗ ಒಣಗದಂತೆ ಯಾರೋ ದಿನವೂ ನೀರು ಹಾಕುತ್ತಿದ್ದರು.

"ಆ ಕಲ್ಲನ್ನ ಏನು ಮಾಡಬೇಕು ಅಂತಿದ್ರಿ?" ಕೆಳಗೆ ನಿಂತಿದ್ದ ಪೆಂಬರ್ಟನ್ನನನ್ನು ಕೇಳಿದಳು.

"ತಿರುಗಿಸಿ ಹಾಕಿಸೋದು. ಹಿಂದಿನ ಮುಖ ನುಣುಪು ಮಾಡಿಸಿ, ನನ್ನ ಮತ್ತು ನನ್ನ ಹೆಂಡ್ತಿಯ ಹೆಸರಿನ ಮೊದಲಕ್ಷರ ಕೆತ್ತಿಸೋದು. ನಿಮ್ಮ ಊರಿನ ಪದ್ಧತಿನೇ ತಾನೆ?"

ಹಾಗೆ ಕೆತ್ತಿಸುವ ಪದ್ಧತಿ ಇದ್ದದ್ದು ಮನೆ ಕಟ್ಟಿದವರಿಗೆ, ಕೊಂಡವರಿಗಲ್ಲ. ಹಿಲ್ಡಾ ಅದನ್ನು ಹೇಳಲು ಹೋಗಲಿಲ್ಲ. ಕೆತ್ತಲು ಯಾರಿಗೆ ಹೇಳಿದ್ದಿರಿ ಎಂದು ಕೇಳಿದಳು. ಮೊದಲು ಊರಿನ ಕಲ್ಲುಕೆಲಸದ ಆಲ್ಬನ್ ಐಸ್ಗಾರ್ತ್‌ಗೆ ಹೇಳಿದ್ದನಂತೆ. ಮುದುಕ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದನಂತೆ. ಈಗ ಪಟ್ಟಣದವನೊಬ್ಬ ಗುರುವಾರ ಬರುವವನಿದ್ದ. ಗೋಣಿತಾಟು ಮುಟ್ಟಬೇಡಿ ಎಂದಷ್ಟೇ ಹೇಳಿ ಹಿಲ್ಡಾ ಹೊರಟಳು.

ಮಂಗಳವಾರ ಬೆಳಗ್ಗೆ 7.10. ಕಲ್ಲುಮನೆಯ ಅಡುಗೆಮನೆಯಲ್ಲಿ ಕಾದಿದ್ದ ಹಿಲ್ಡಾ, ಡಿನ್ಸ್‌ಡೇಲ್ ಇಬ್ಬರಿಗೂ ಬಕೆಟ್ಟಿನ ಸದ್ದು ಕೇಳಿಸಿತು. ಹಿಲ್ಡಾ ಬಾಗಿಲು ತೆರೆದಾಗ ಎಪ್ಪತ್ತೊಂದರ ಆಲ್ಬನ್ ಕುಂಚ ಹಿಡಿದು ಏಣಿಯ ಮೇಲಿದ್ದ.

"ಆಲ್ಬನ್, ಕಲ್ಲು ಎಲ್ಲಿದೆ?"

"ಇದನ್ನ ಮುಗಿಸಿಬಿಡ್ತೀನಿ ಕಣಮ್ಮ. ಒಣಗಿದ್ರೆ ಬಿರುಕು ಬಿಡುತ್ತೆ."

ಅವಳು ಮುಗಿಸಲು ಬಿಟ್ಟಳು. ಅವನು ಇಳಿದ ಮೇಲೆ ಹಕ್ಕುಗಳನ್ನು ಓದಿಹೇಳಿ, 7.25ಕ್ಕೆ ಬಂಧಿಸಿದಳು.

ಕಲ್ಲು ಅವನ ಕೊಟ್ಟಿಗೆಯಲ್ಲಿ ಹುಲ್ಲಿನ ಮೇಲೆ ಮಲಗಿತ್ತು, 1684 ಕೆಳಮುಖವಾಗಿ. ಮೇಲಿದ್ದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳು: ಎಡಿತ್. ಎರಡು ದಿನ. 1921.

ಆಲ್ಬನ್ ಅಲ್ಲೇ ಹೇಳಿಕೆ ಕೊಟ್ಟ. ಎಡಿತ್ ಅವನ ತಂಗಿ. ದೀಕ್ಷಾಸ್ನಾನಕ್ಕೂ ಮುಂಚೆ ತೀರಿಕೊಂಡ ಮಗುವಿಗೆ ಅಂದಿನ ಪಾದ್ರಿ ಚರ್ಚಿನ ಅಂಗಳದಲ್ಲಿ ಒಂದು ಕಲ್ಲು ನೆಡಲೂ ಬಿಡಲಿಲ್ಲ. ಅದೇ ವರ್ಷ ಈಗ ಪೆಂಬರ್ಟನ್ ಕೊಂಡ ಮನೆಯ ಬಾಗಿಲು ದುರಸ್ತಿಗೆ ಇಸವಿಕಲ್ಲು ಇಳಿಸಿದ್ದ, ಕಲ್ಲುಕೆಲಸದವನೇ ಆದ ಅಪ್ಪ, ಮತ್ತೆ ಕೂರಿಸುವ ಮೊದಲು ಹಿಂಬದಿಯಲ್ಲಿ ಹೆಸರು ಕೆತ್ತಿದ್ದ. ಸಾಯುವ ಮುಂಚೆ ಮಗನಿಗೆ ಅದನ್ನು ಹೇಳಿದ. ಸಂತೆಗೆ ಹೋಗುವಾಗ ಅಮ್ಮ ಆ ಬಾಗಿಲ ಮುಂದೆ ಯಾಕೆ ನಿಲ್ಲುತ್ತಿದ್ದಳೆಂದು ಆಲ್ಬನ್‌ಗೆ ಆಗ ತಿಳಿಯಿತು.

"ಪೆಂಬರ್ಟನ್‌ಗೆ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಉಳಿ ಹಾಕಿಸ್ತಿರಲಿಲ್ಲ, ನಿಜ. ಬಂದೋರಿಗೆಲ್ಲ ತೋರಿಸೋನು."

ಡಿನ್ಸ್‌ಡೇಲ್ ಮಹಜರಿನಲ್ಲಿ 'ಕೆತ್ತನೆಯ ಕಲ್ಲು ಒಂದು, ಇಸವಿ 1684' ಎಂದು ಬರೆದು ಪೆನ್ನು ಮುಚ್ಚಿದ.

"ಹಿಂಬದಿಯದನ್ನೂ ಬರಿ," ಎಂದಳು ಹಿಲ್ಡಾ. "ಕೇಸು ಮುಗಿಯೋವರೆಗೂ ಇದು ಸಾಕ್ಷ್ಯ, ಯಾರೂ ಉಳಿ ಮುಟ್ಟಿಸೋ ಹಾಗಿಲ್ಲ. ಆಲ್ಬನ್, ಮಗುವಿನ ಪೂರ್ತಿ ಹೆಸರು?"

ಮುದುಕ ಟೋಪಿ ತೆಗೆದ.

"ಎಡಿತ್ ಐಸ್ಗಾರ್ತ್."

ಚರ್ಚಿನ ಯಾವ ಪುಸ್ತಕವೂ ಬರೆದುಕೊಳ್ಳದ ಹೆಸರನ್ನು ಡಿನ್ಸ್‌ಡೇಲ್ ಅಕ್ಷರ ಅಕ್ಷರ ಕೇಳಿ ಬರೆದುಕೊಂಡ. 10.40ಕ್ಕೆ ಮಹಜರು ಮುಗಿಯಿತು.